ಹುಲ್ಲು ಎಷ್ಟೋ ಹಸು ಅಷ್ಟೇ: ಟೋರ್ಬೆಲ್ ಹಳ್ಳಿಯ ಐದು ಶತಮಾನದ ಲೆಕ್ಕ

ಸ್ವಿಟ್ಜರ್ಲೆಂಡಿನ ನೈಋತ್ಯ ಭಾಗದಲ್ಲಿ ವಾಲೆ ಅನ್ನುವ ಕ್ಯಾಂಟನ್, ಅಂದರೆ ನಮ್ಮ ರಾಜ್ಯದಂಥ ಒಂದು ಭಾಗ, ಇದೆ. ಅದರ ಪೂರ್ವದ ಅರ್ಧದಲ್ಲಿ ಜನ ಜರ್ಮನ್ ಮಾತಾಡುತ್ತಾರೆ, ಅದೂ ಉಳಿದ ಸ್ವಿಸ್ ಜರ್ಮನ್ನರಿಗೇ ಅರ್ಥವಾಗದಂಥ ಒಂದು ಹಳೆಯ ಬಗೆ. ವಿಸ್ಪ್ ಪಟ್ಟಣದಿಂದ ಜರ್ಮಾಟ್ ಕಡೆ ಹೋಗುವ ರೈಲು ಸ್ಟಾಲ್ಡನ್ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಏರಿದರೆ, ಸುಮಾರು 1,500 ಮೀಟರ್ ಎತ್ತರದಲ್ಲಿ ಟೋರ್ಬೆಲ್ ಸಿಗುತ್ತದೆ. ಜನಸಂಖ್ಯೆ 500ರ ಆಸುಪಾಸು. ಮ್ಯಾಟರ್‌ಹಾರ್ನ್ ಶಿಖರ ನೋಡಲು ಹೊರಟವರು ಯಾರೂ ಇಲ್ಲಿ ಇಳಿಯುವುದಿಲ್ಲ.

ಆದರೆ ಅರ್ಥಶಾಸ್ತ್ರ ಓದಿದವರಲ್ಲಿ ಈ ಹಳ್ಳಿಯ ಹೆಸರು ಕೇಳಿದವರು ಜಾಸ್ತಿ. ಕಾರಣ ಒಂದು ಹುಲ್ಲುಗಾವಲು. ಊರವರೆಲ್ಲ ಸೇರಿ ಬಳಸುವ ಆ ಹುಲ್ಲುಗಾವಲು ಐದು ಶತಮಾನ ಹಾಳಾಗದೆ ಉಳಿಯಿತು. ಒಗ್ಗಟ್ಟು ಅಂದರೆ ಇದು, ಹಳ್ಳಿಯವರ ಜಾಣತನ ಅಂದರೆ ಇದು ಅಂತ ಎಲ್ಲರೂ ಈ ಕಥೆಯನ್ನು ಹೇಳುತ್ತಾರೆ. ಹುಲ್ಲುಗಾವಲು ಉಳಿದದ್ದು ನಿಜ, ಅದರಲ್ಲಿ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಅದಕ್ಕೆ ಏನೇನು ಖರ್ಚಾಯಿತು, ಆ ಖರ್ಚನ್ನು ಯಾರು ಹೊತ್ತರು?

ಮೊದಲು ಜಾಗದ ಗುಣ ನೋಡಬೇಕು. ಊರಿನ ಎಲ್ಲೆ ಕೆಳಗೆ ಕಣಿವೆಯ ಹತ್ತಿರ ಸುಮಾರು 800 ಮೀಟರ್‌ನಲ್ಲಿ ಶುರುವಾಗಿ, ಮೇಲೆ 2,900 ಮೀಟರ್ ದಾಟಿದ ಬೋಳು ಬಂಡೆಗಳವರೆಗೆ ಹೋಗುತ್ತದೆ. ಕೆಳಗಡೆ ದ್ರಾಕ್ಷಿ ಬೆಳೆಯುತ್ತದೆ. ಮನೆಗಳ ಸುತ್ತ ಹೊಲ, ತರಕಾರಿ ತೋಟ ಮತ್ತು ಹುಲ್ಲು ಕೊಯ್ಯುವ ಗದ್ದೆಗಳು. ಅದರ ಮೇಲೆ ಕಾಡು. ಕಾಡು ಮುಗಿದ ಮೇಲೆ, 2,000 ಮೀಟರ್ ಆಚೆಗೆ, ಬೇಸಿಗೆಯಲ್ಲಿ ಮಾತ್ರ ದನ ಮೇಯಿಸಬಹುದಾದ ಹುಲ್ಲುಗಾವಲು. ಅಲ್ಲಿಯವರು ಅದನ್ನು ಆಲ್ಪ್ ಅನ್ನುತ್ತಾರೆ. ಟೋರ್ಬೆಲ್‌ನವರ ಆಲ್ಪ್ ಹೆಸರು ಮೋಸ್ಆಲ್ಪ್.

ಮಳೆ ತುಂಬಾ ಕಡಿಮೆ. ಆಲ್ಪ್ಸ್ ಅಂದ ಕೂಡಲೇ ಹಸಿರು, ಮಂಜು, ಜಿಟಿಜಿಟಿ ಮಳೆ ಅಂತ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ, ಅಲ್ವಾ? ಈ ಕಣಿವೆಯ ಎರಡೂ ಬದಿಯ ಎತ್ತರದ ಬೆಟ್ಟಗಳು ಮೋಡವನ್ನು ತಡೆದುಬಿಡುತ್ತವೆ. ಸ್ಟಾಲ್ಡನ್ ಸುತ್ತಮುತ್ತ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್. ಇಡೀ ಸ್ವಿಟ್ಜರ್ಲೆಂಡಿನಲ್ಲೇ ಅತಿ ಒಣ ಜಾಗ ಇದು. ಹಾಗಾಗಿ ಬೆಟ್ಟದ ತೊರೆಗಳಿಂದ ಕಾಲುವೆ ತೋಡಿ ನೀರು ತರದಿದ್ದರೆ ಹುಲ್ಲೇ ಇಲ್ಲ. ಹುಲ್ಲಿಲ್ಲದಿದ್ದರೆ ಚಳಿಗಾಲದಲ್ಲಿ ಹಸು ಉಳಿಯುವುದಿಲ್ಲ. ಹಸು ಇಲ್ಲದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ರೈ ಧಾನ್ಯ ಇಲ್ಲ. ಬದುಕು ಒಂದಕ್ಕೊಂದು ಹೀಗೆ ಗಂಟು ಹಾಕಿಕೊಂಡಿತ್ತು.

ಟೋರ್ಬೆಲ್‌ನ ಜಮೀನು ವ್ಯವಹಾರದ ಬಗ್ಗೆ ಸಿಗುವ ಹಳೆಯ ಕಾಗದಗಳು 1224ರಷ್ಟು ಹಿಂದಕ್ಕೆ ಹೋಗುತ್ತವೆ. ಆದರೆ ಮುಖ್ಯವಾದದ್ದು 1483ರ ಫೆಬ್ರವರಿ 1ರ ಕರಾರು. ಅಂದು ಊರಿನವರು ಸೇರಿ ಒಂದು ಸಂಘ ಕಟ್ಟಿಕೊಂಡರು. ಆಲ್ಪ್, ಕಾಡು, ಬೀಳು ಜಾಗ, ಇವನ್ನೆಲ್ಲ ಹೇಗೆ ಬಳಸಬೇಕು ಅಂತ ಬರೆದಿಟ್ಟರು. ಆ ಕರಾರಿನಲ್ಲಿ ನನ್ನ ಕಣ್ಣಿಗೆ ಮೊದಲು ಬೀಳುವುದು ಸಹಕಾರದ ಮಾತಲ್ಲ, ಬಾಗಿಲು ಹಾಕಿದ ಸದ್ದು. ಹೊರಗಿನವನು ಟೋರ್ಬೆಲ್‌ನಲ್ಲಿ ಜಮೀನು ಕೊಂಡರೂ ಆಲ್ಪ್ ಮೇಲೆ ಅವನಿಗೆ ಹಕ್ಕಿಲ್ಲ. ಊರೊಟ್ಟಿನ ಜಾಗದಲ್ಲಿ ದನ ಮೇಯಿಸುವಂತಿಲ್ಲ, ಮರ ಕಡಿಯುವಂತಿಲ್ಲ. ದುಡ್ಡು ಕೊಟ್ಟರೆ ಜಮೀನು ಸಿಗಬಹುದು, ಊರಿನವನಾಗುವುದು ಸಾಧ್ಯವಿಲ್ಲ. ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು ಅನ್ನುವುದನ್ನು ಆಗಲೇ ಒಳಗಿದ್ದವರು ತೀರ್ಮಾನಿಸುತ್ತಿದ್ದರು.

ಇದನ್ನು ನಮ್ಮ ಗೋಮಾಳದ ಜೊತೆ ಹೋಲಿಸುವವರಿದ್ದಾರೆ. ಆ ಹೋಲಿಕೆ ಕೂಡುವುದಿಲ್ಲ. ಗೋಮಾಳ ಸರ್ಕಾರಿ ಜಾಗ. ದನ ಮೇಯಲಿ ಅಂತ ಸರ್ಕಾರ ಬಿಟ್ಟಿರುವುದು, ಬೇಕಾದಾಗ ಬೇರೆ ಕೆಲಸಕ್ಕೆ ಕೊಡಬಹುದು. ಟೋರ್ಬೆಲ್‌ನ ಆಲ್ಪ್‌ಗೆ ಹೆಸರು ಹೆಸರಾಗಿ ಮಾಲೀಕರಿದ್ದರು. ಒಬ್ಬೊಬ್ಬರೇ ಮಾರುವಂತಿರಲಿಲ್ಲ, ಅಷ್ಟೇ.

1507ರ ಇನ್ನೊಂದು ಕಾಗದದಲ್ಲಿ ಊರೊಟ್ಟಿನ ಜಾಗದ ಗಡಿಗಳನ್ನು ಪಟ್ಟಿ ಮಾಡಿದ್ದಾರೆ. ಅದಾಗಿ ಹತ್ತು ವರ್ಷಕ್ಕೆ, 1517ರಲ್ಲಿ, ಈ ಹಳ್ಳಿಯನ್ನು ಪ್ರಸಿದ್ಧ ಮಾಡಿದ ನಿಯಮ ಬಂತು. ಚಳಿಗಾಲದಲ್ಲಿ ನಿನ್ನ ಸ್ವಂತ ಹುಲ್ಲಿನಿಂದ ಎಷ್ಟು ಹಸು ಸಾಕಬಲ್ಲೆಯೋ, ಬೇಸಿಗೆಯಲ್ಲಿ ಆಲ್ಪ್‌ಗೆ ಅಷ್ಟೇ ಹಸು ಕಳಿಸಬೇಕು. ಅದಕ್ಕಿಂತ ಒಂದು ಹೆಚ್ಚಾದರೂ ದಂಡ.

ಓದಲು ಸುಲಭವಾಗಿದೆ. ಆದರೆ ಇದರ ಒಳಗೆ ತುಂಬಾ ಯೋಚನೆ ಇದೆ. ಬೆಟ್ಟದ ಮೇಲಿನ ಹುಲ್ಲುಗಾವಲು ಎಷ್ಟು ಹಸುವನ್ನು ತಡೆಯುತ್ತದೆ ಅಂತ ಯಾರೂ ಅಳೆಯಬೇಕಾಗಿರಲಿಲ್ಲ. ವರ್ಷ ವರ್ಷಕ್ಕೆ ಅದು ಬದಲಾಗುತ್ತದೆ, ಅದರ ಬಗ್ಗೆ ಜಗಳ ಶುರುವಾದರೆ ಮುಗಿಯುವುದೇ ಇಲ್ಲ. ಅದರ ಬದಲು ಮಿತಿಯನ್ನು ಪ್ರತಿಯೊಬ್ಬನ ಕೊಟ್ಟಿಗೆಗೆ ಕಟ್ಟಿದರು. ಒಬ್ಬನ ಹುಲ್ಲಿನ ಗದ್ದೆ ಎಷ್ಟು, ಅಟ್ಟದಲ್ಲಿ ಹುಲ್ಲು ಎಷ್ಟು ಅಂತ ಅಕ್ಕಪಕ್ಕದವರಿಗೆ ಗೊತ್ತೇ ಇರುತ್ತದೆ. ಬೇಸಿಗೆಯಲ್ಲಿ ಕೆಳಗಿನ ಊರಿಂದ ಅಗ್ಗಕ್ಕೆ ದನ ತಂದು, ಪುಕ್ಕಟೆ ಹುಲ್ಲು ಮೇಯಿಸಿ, ಚಳಿ ಬರುವ ಮೊದಲೇ ಮಾರಿ ಲಾಭ ಮಾಡುವ ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಎಣಿಕೆ ನಡೆಯುತ್ತಿದ್ದ ರೀತಿ ಇನ್ನೂ ಚೆನ್ನಾಗಿದೆ. ಬೇಸಿಗೆ ಶುರುವಿನಲ್ಲಿ ಎಲ್ಲರ ಹಸುಗಳೂ ಒಟ್ಟಿಗೆ ಮೇಲೆ ಹೋಗುತ್ತವೆ. ಹೋದ ಕೂಡಲೇ ಎಣಿಕೆ. ಸಂಘ ನೇಮಿಸಿದ ಕೆಲಸದವರು ಅಲ್ಲೇ ಉಳಿದು ಹಾಲು ಕರೆದು, ಎಲ್ಲರ ಹಾಲನ್ನೂ ಒಂದೇ ಕಡೆ ಹಾಕಿ ಚೀಸ್ ಮಾಡುತ್ತಾರೆ. ಬೇಸಿಗೆ ಮುಗಿದಾಗ ಯಾರ ಹಸು ಎಷ್ಟಿತ್ತು ಅಂತ ನೋಡಿ ಚೀಸ್ ಹಂಚುತ್ತಾರೆ. ಎಣಿಕೆಗೆ ಸಿಗದ ಹಸುವಿಗೆ ಚೀಸ್ ಪಾಲೂ ಇಲ್ಲ. ಕದ್ದು ಒಂದು ಹಸು ಕಳಿಸಿದರೆ ಬರುವ ಲಾಭವಾದರೂ ಏನು? ದಾರಿ ದುರಸ್ತಿ, ಗುಡಿಸಲು ಕಟ್ಟುವುದು, ಹಿಮಕುಸಿತಕ್ಕೆ ಬಿದ್ದ ದೊಡ್ಡಿ ಎಬ್ಬಿಸುವುದು, ಗೊಬ್ಬರ ಹರಡುವುದು, ಇವಕ್ಕೆಲ್ಲ ಊರವರು ಕೊಡಬೇಕಾದ ದುಡಿಮೆಯೂ ಹಸುವಿನ ಲೆಕ್ಕಕ್ಕೆ ಸರಿಯಾಗಿ. ಜಾಸ್ತಿ ಹಸು ಇರುವವನಿಗೆ ಜಾಸ್ತಿ ಕೆಲಸ.

ದಂಡ ಹಾಕುವ ಅಧಿಕಾರಿಗೆ ಗೆವಾಲ್ಟ್‌ಹಾಬರ್ ಅಂತ ಹೆಸರು. ವಸೂಲಾದ ದಂಡದಲ್ಲಿ ಅರ್ಧ ಅವನ ಜೇಬಿಗೆ! ಕೇಳಲು ಲಂಚದ ಹಾಗಿದೆ. ಆದರೆ ಅದು ನಿಯಮದಲ್ಲೇ ಇತ್ತು, ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯವನ ಮೇಲೆ ದಂಡ ಹಾಕುವ ಮುಜುಗರದ ಕೆಲಸವನ್ನು ಸುಮ್ನೆ ಯಾರು ಮಾಡುತ್ತಾರೆ? ಅವನ ಪ್ರಾಮಾಣಿಕತೆಯ ಮೇಲೆ ಭಾರ ಹಾಕುವ ಬದಲು ಅವನ ಆಸೆಯನ್ನೇ ಕೆಲಸಕ್ಕೆ ಹಚ್ಚಿದರು. ನನಗೆ ಟೋರ್ಬೆಲ್ ಹಿಡಿಸುವುದು ಇಂಥ ಕಡೆಗಳಲ್ಲಿ. ಮನುಷ್ಯರು ಒಳ್ಳೆಯವರಾಗಿರುತ್ತಾರೆ ಅಂತ ನಂಬಿ ಅವರು ಯಾವ ನಿಯಮವನ್ನೂ ಮಾಡಲಿಲ್ಲ.

ಕಾಡಿನ ಕಥೆಯೂ ಹೀಗೇ. ಸೌದೆಗೆ, ಮನೆ ಕಟ್ಟಲಿಕ್ಕೆ ಯಾವ ಮರ ಕಡಿಯಬಹುದು ಅಂತ ಊರಿನ ಅಧಿಕಾರಿಗಳು ಗುರುತು ಹಾಕುತ್ತಿದ್ದರು. ಕೆಲವು ಮನೆಗಳು ಸೇರಿ ಒಂದು ಗುಂಪು. ಗುರುತು ಹಾಕಿದ ಮರಗಳನ್ನು ಗುಂಪಿನವರು ಕಡಿದು, ಹೆಚ್ಚುಕಡಿಮೆ ಸಮನಾದ ರಾಶಿ ಮಾಡಿ, ಚೀಟಿ ಎತ್ತಿ ಮನೆಗಳಿಗೆ ಹಂಚುತ್ತಿದ್ದರು. ಕಾಲುವೆ ನೀರಿಗೆ ಗಂಟೆಯ ಲೆಕ್ಕದಲ್ಲಿ ಸರದಿ. ಈ ಭಾಗದ ಹಳ್ಳಿಗಳಲ್ಲಿ ನೀರಿನ ಪಾಲು, ಆಲ್ಪ್‌ನ ಹಕ್ಕು ಎಲ್ಲವನ್ನೂ ಮರದ ತುಂಡುಗಳ ಮೇಲೆ ಗೀರು ಹಾಕಿ ಇಡುತ್ತಿದ್ದರು. ಒಂದೊಂದು ಮನೆತನಕ್ಕೂ ಅದರದೇ ಗುರುತು. ಓದು ಬರಹ ಬಾರದವನೂ ತನ್ನ ಪಾಲನ್ನು ಬೆರಳಲ್ಲಿ ಮುಟ್ಟಿ ಹೇಳಬಹುದಿತ್ತು.

ಹಾಗಂತ ಇಲ್ಲಿ ಎಲ್ಲವೂ ಎಲ್ಲರದಾಗಿತ್ತು ಅಂದುಕೊಂಡರೆ ತಪ್ಪು. ರೈ ಬೆಳೆಯುವ ಹೊಲ, ತರಕಾರಿ ತೋಟ, ಹಣ್ಣಿನ ಮರ, ದ್ರಾಕ್ಷಿ ತೋಟ, ಹುಲ್ಲು ಕೊಯ್ಯುವ ಗದ್ದೆ, ಇವೆಲ್ಲ ಸ್ವಂತದ್ದು. ಬರೀ ಸ್ವಂತದ್ದಲ್ಲ, ಅಂಗೈ ಅಗಲದ ತುಂಡಿಗೂ ಲೆಕ್ಕ ಇರುವಷ್ಟು ಸ್ವಂತದ್ದು. ತಂದೆ ತಾಯಿಯ ಆಸ್ತಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಹೋಗುತ್ತಿತ್ತು. ಹೀಗೆ ತಲೆಮಾರುಗಟ್ಟಲೆ ಹಂಚಿ ಹಂಚಿ, ಒಂದು ಮನೆಯವರ ಜಮೀನು ಬೆಟ್ಟದ ಮೇಲೆ ಕೆಳಗೆ ಹತ್ತಾರು ಕಡೆ ಚೂರಾಗಿ ಬಿದ್ದಿರುತ್ತಿತ್ತು. ಕೊಟ್ಟಿಗೆಯಲ್ಲಿ ಕಾಲು ಪಾಲು ಒಬ್ಬರದು, ಮುಕ್ಕಾಲು ಇನ್ನೊಬ್ಬರದು. ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದ ಕಪ್ಪು ಮನೆಗಳಲ್ಲಿ ಒಂದೊಂದು ಅಂತಸ್ತಿಗೆ ಒಬ್ಬೊಬ್ಬ ಮಾಲೀಕ. ಕೆಳಗಿನ ಅಂತಸ್ತು ಅಣ್ಣನದು, ಮೇಲಿನದು ತಂಗಿಯದು ಅನ್ನುವ ಹಾಗೆ. ಅಪಾರ್ಟ್‌ಮೆಂಟ್ ಅನ್ನುವುದು ಪೇಟೆಯವರ ಆವಿಷ್ಕಾರ ಅಂತ ನಾವು ಅಂದುಕೊಂಡಿದ್ದೇವೆ!

ಒಂದೇ ಜನ. ಹುಲ್ಲಿನ ಗದ್ದೆಯ ವಿಷಯದಲ್ಲಿ ಅಷ್ಟು ಬಿಗಿ, ಮೇಲಿನ ಹುಲ್ಲುಗಾವಲಿನ ವಿಷಯದಲ್ಲಿ ಕೂಡಿ ಬಾಳುವವರು. ಇದು ಯಾಕೆ?

ಈ ಪ್ರಶ್ನೆ ಹಿಡಿದು ಕೂತವರು ರಾಬರ್ಟ್ ನೆಟಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ. ಅದಕ್ಕೂ ಮೊದಲು ಅವರು ನೈಜೀರಿಯಾದ ಬೆಟ್ಟಗಳಲ್ಲಿ ಕೋಫ್ಯಾರ್ ಎಂಬ ರೈತ ಜನರ ನಡುವೆ ಕೆಲಸ ಮಾಡಿದ್ದರು. 1970ರ ದಶಕದ ಶುರುವಿನಲ್ಲಿ ಟೋರ್ಬೆಲ್‌ಗೆ ಬಂದು ಉಳಿದರು. ಚರ್ಚಿನ ಹುಟ್ಟು, ಮದುವೆ, ಸಾವಿನ ದಾಖಲೆಗಳನ್ನೂ ಊರಿನ ಹಳೆಯ ಕಾಗದಗಳನ್ನೂ ಜಾಲಾಡಿದರು. 1981ರಲ್ಲಿ ಅವರ ಪುಸ್ತಕ ಬಂತು. ಅವರ ಉತ್ತರ ಸರಳವಾಗಿದೆ. ಯಾವ ಜಾಗ ಒಂದು ಎಕರೆಗೆ ಕೊಡುವ ಫಲ ಕಡಿಮೆಯೋ, ಯಾವುದನ್ನು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬಳಸಬಹುದೋ, ಎಷ್ಟು ಗೊಬ್ಬರ ನೀರು ಹಾಕಿದರೂ ದೊಡ್ಡ ಸುಧಾರಣೆ ಕಾಣದೋ, ಬಳಸಬೇಕೆಂದರೆ ದೊಡ್ಡ ಹರವೇ ಬೇಕೋ, ಅಂಥದ್ದು ಊರೊಟ್ಟಿಗೆ ಉಳಿಯುತ್ತದೆ. ಮೇಲಿನ ಆಲ್ಪ್‌ನಲ್ಲಿ ಒಂದು ಮೂಲೆಗೆ ಈ ವಾರ ಹಿಮ ಬೀಳಬಹುದು, ಇನ್ನೊಂದು ಮೂಲೆ ಒಣಗಬಹುದು. ಅದನ್ನು ತುಂಡು ಮಾಡಿ ಬೇಲಿ ಹಾಕಿದರೆ ಬೇಲಿಯ ಖರ್ಚೂ ಹುಟ್ಟುವುದಿಲ್ಲ. ಕೆಳಗಿನ ಗದ್ದೆ ಹಾಗಲ್ಲ. ಅಲ್ಲಿ ಒಬ್ಬ ಜಾಸ್ತಿ ದುಡಿದರೆ ಜಾಸ್ತಿ ಹುಲ್ಲು. ಈ ಬೆಟ್ಟದ ಕಡಿದಾದ ಹೊಲಗಳಲ್ಲಿ ಕೆಳಕ್ಕೆ ಜಾರಿದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ವಾಪಸ್ ಮೇಲಕ್ಕೆ ಹಾಕುತ್ತಿದ್ದರು. ಅಷ್ಟು ಬೆವರು ಸುರಿಸಿದ ಹೊಲವನ್ನು ಯಾರೂ ಊರಿಗೆ ಬಿಟ್ಟುಕೊಡುವುದಿಲ್ಲ.

ನೆಟಿಂಗ್ ಟೋರ್ಬೆಲ್‌ಗೆ ಬರುವ ಸ್ವಲ್ಪ ಮೊದಲು, 1968ರಲ್ಲಿ, ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಡುತ್ತಾನೆ, ಕೊನೆಗೆ ಹುಲ್ಲುಗಾವಲೇ ನಾಶವಾಗುತ್ತದೆ, ತಪ್ಪಿಸಲು ಖಾಸಗಿ ಮಾಡಬೇಕು ಇಲ್ಲವೇ ಸರ್ಕಾರ ಹಿಡಿಯಬೇಕು ಅನ್ನುವ ವಾದ. ಅವರ ಹುಲ್ಲುಗಾವಲು ತಲೆಯಲ್ಲಿ ಕಲ್ಪಿಸಿಕೊಂಡದ್ದು. ಟೋರ್ಬೆಲ್‌ನದು ನಿಜವಾದದ್ದು. ಅಮೆರಿಕದ ರಾಜಕೀಯಶಾಸ್ತ್ರಜ್ಞೆ ಎಲಿನಾರ್ ಓಸ್ಟ್ರಾಮ್ 1990ರ ತಮ್ಮ ಪುಸ್ತಕದಲ್ಲಿ ಹಾರ್ಡಿನ್‌ಗೆ ಉತ್ತರ ಕೊಡುವಾಗ ಎತ್ತಿಕೊಂಡ ಮೊದಲ ಉದಾಹರಣೆಗಳಲ್ಲಿ ಟೋರ್ಬೆಲ್ ಕೂಡ ಒಂದು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಬಹುಮಾನ ಪಡೆದ ಮೊದಲ ಮಹಿಳೆ ಅವರು. ತಾನು ಹೇಳಿದ್ದು ಹೇಳುವವರು ಕೇಳುವವರು ಇಲ್ಲದ ಹುಲ್ಲುಗಾವಲಿಗೆ ಮಾತ್ರ ಅನ್ವಯಿಸುತ್ತದೆ ಅಂತ ಹಾರ್ಡಿನ್ ಕೂಡ 1990ರ ದಶಕದಲ್ಲಿ ಒಪ್ಪಿಕೊಂಡರು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಎಲ್ಲರಿಗೂ ಖುಷಿ. ನೆಟಿಂಗ್ ನಿಲ್ಲಿಸಲಿಲ್ಲ. ಹಸುವಿನ ಲೆಕ್ಕದ ಜೊತೆಗೆ ಅವರು ಮನುಷ್ಯರ ಲೆಕ್ಕವನ್ನೂ ತೆಗೆದರು, ಮತ್ತು ನನಗೆ ಅದೇ ಮುಖ್ಯ ಅನಿಸುತ್ತದೆ.

ಜಮೀನು ಸಮನಾಗಿ ಹಂಚುವ ಊರಿನಲ್ಲಿ ಜನ ಹೆಚ್ಚಾಗುತ್ತಾ ಹೋದರೆ ನಾಲ್ಕು ತಲೆಮಾರಿನಲ್ಲಿ ಯಾರಿಗೂ ಏನೂ ಉಳಿಯುವುದಿಲ್ಲ. ಟೋರ್ಬೆಲ್ ಹೇಗೆ ಉಳಿಯಿತು? ಮದುವೆ ತಡವಾಗಿ ಆಗುತ್ತಿತ್ತು. ಗಂಡಸರು ಸುಮಾರಾಗಿ ಮೂವತ್ತು ದಾಟಿದ ಮೇಲೆ, ಹೆಂಗಸರು ಇಪ್ಪತ್ತರ ಕೊನೆಯಲ್ಲಿ. ಮಕ್ಕಳ ನಡುವೆ ಅಂತರ ಜಾಸ್ತಿ. ಮದುವೆಯನ್ನೇ ಆಗದೆ ಉಳಿದವರೂ ತುಂಬಾ ಜನ. ತಮ್ಮ ಪಾಲಿನ ಚೂರು ಜಮೀನು ಇಟ್ಟುಕೊಂಡು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ದುಡಿಯುತ್ತಾ, ಕೊನೆಗೆ ಆ ಪಾಲನ್ನು ಸೋದರಳಿಯ ಸೊಸೆಯರಿಗೆ ಬಿಟ್ಟು ಹೋದವರು. ಇನ್ನು ಕೆಲವರು ಊರೇ ಬಿಟ್ಟರು. ಕಾಗದದ ಮೇಲೆ ಇವರನ್ನು ಯಾರೂ ತಡೆದಿರಲಿಲ್ಲ. ಮಗು ಹೆತ್ತರೆ ದಂಡ ಅಂತ ಯಾವ ಕರಾರಿನಲ್ಲೂ ಇಲ್ಲ. ಆದರೆ ಚಳಿಗಾಲದ ಹುಲ್ಲಿನ ಲೆಕ್ಕ ಕೊಟ್ಟಿಗೆ ದಾಟಿ ಮನೆಯ ಒಳಗೂ ಬಂದಿತ್ತು.

ಬಾಗಿಲು ಹಾಕಿದ ಪರಿಣಾಮವೂ ಚರ್ಚಿನ ದಾಖಲೆಯಲ್ಲಿ ಕಾಣುತ್ತದೆ. 1700ರ ಹೊತ್ತಿಗೆ ಊರಲ್ಲಿದ್ದ ಬೆರಳೆಣಿಕೆಯ ಮನೆತನಗಳೇ ನಂತರವೂ ಮುಂದುವರಿದವು. ಹೊಸಬರು ಬಂದು ಬೇರೂರಿದ್ದು ಇಲ್ಲವೆನ್ನುವಷ್ಟು ಕಡಿಮೆ. 18ನೇ ಶತಮಾನದ ಕೊನೆಯ ಭಾಗದಿಂದ ಜನಸಂಖ್ಯೆ ಏರಿತು. ಆ ಏರಿಕೆಗೆ ಹೊಸಬರು ಬಂದದ್ದು ಕಾರಣವಲ್ಲ, ನೆಟಿಂಗ್ ಪ್ರಕಾರ ಆಲೂಗಡ್ಡೆ ಕಾರಣ. ಅದೇ ಹೊಲ ರೈಗಿಂತ ಜಾಸ್ತಿ ಹೊಟ್ಟೆ ತುಂಬಿಸತೊಡಗಿತು. ನಡುವೆ ಆಪತ್ತುಗಳೂ ಬಂದವು. 1855ರ ಜುಲೈ 25ರಂದು ವಿಸ್ಪ್ ಸುತ್ತಲಿನ ಕಣಿವೆಯನ್ನು ದೊಡ್ಡ ಭೂಕಂಪ ಅಲುಗಾಡಿಸಿತು.

ಹೆಂಗಸರ ಮಾತು ಬಂತಲ್ಲ, ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಈ ಬೆಟ್ಟದ ಸೀಮೆ, ಸಭೆಯಲ್ಲಿ ಅವರಿಗೆ ಕೈ ಎತ್ತಲು ಬಿಡಲಿಲ್ಲ. ವಾಲೆ ಕ್ಯಾಂಟನ್‌ನಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು 1970ರಲ್ಲಿ, ಇಡೀ ದೇಶದ ಮಟ್ಟದಲ್ಲಿ 1971ರಲ್ಲಿ. ಆದರೆ ಮೋಸ್ಆಲ್ಪ್‌ನ ಆಚೆ ಬದಿಗೆ ಇಳಿದರೆ ಸ್ವಲ್ಪ ದೂರದಲ್ಲಿ ಉಂಟರ್‌ಬ್ಯಾಕ್ ಎಂಬ ಹಳ್ಳಿ ಇದೆ. 1957ರ ಮಾರ್ಚ್ 3ರಂದು ಅಲ್ಲಿನ 33 ಹೆಂಗಸರು ದೇಶದ ಮತದಾನವೊಂದರಲ್ಲಿ ಮತ ಹಾಕಿದರು. ಹೆಂಗಸರನ್ನೂ ನಾಗರಿಕ ರಕ್ಷಣೆಯ ಸೇವೆಗೆ ಸೇರಿಸಬೇಕೇ ಅನ್ನುವುದು ಅಂದಿನ ಪ್ರಶ್ನೆ. ನಮ್ಮ ಮೇಲಿನ ಪ್ರಶ್ನೆಗೆ ನಾವೇ ಉತ್ತರ ಹೇಳಬಾರದೇ ಅಂತ ಆ ಹಳ್ಳಿ ಕೇಳಿತು. ಅವರ ಮತಗಳು ಎಣಿಕೆಗೆ ಬರಲಿಲ್ಲ. ಹಾಕಿದ್ದಂತೂ ಹಾಕಿದರು.

ಟೋರ್ಬೆಲ್‌ನ ಹಳೆಯ ಬದುಕು ಸಡಿಲವಾದದ್ದು ಆಲ್ಪ್‌ನಿಂದಲ್ಲ, ಕೆಳಗಿನಿಂದ. 20ನೇ ಶತಮಾನದ ಮೊದಲ ದಶಕದಲ್ಲಿ ಲೋನ್ಜಾ ಕಂಪನಿ ವಿಸ್ಪ್‌ನಲ್ಲಿ ರಾಸಾಯನಿಕ ಕಾರ್ಖಾನೆ ಕಟ್ಟಿತು. ಬೆಟ್ಟದ ಗಂಡಸರು ಪಾಳಿಯ ಕೆಲಸಕ್ಕೆ ಇಳಿದರು. ಪಾಳಿ ಮುಗಿಸಿ ಬಂದು ಹುಲ್ಲು ಕೊಯ್ದರು. ಹಗಲಿನ ಕೃಷಿ ಹೆಂಗಸರ, ಮುದುಕರ ಹೆಗಲಿಗೆ ಬಿತ್ತು. ಕಾರ್ಮಿಕನೂ ಹೌದು ರೈತನೂ ಹೌದು ಅನ್ನುವ ಈ ಬದುಕು ವಾಲೆಯ ಬೆಟ್ಟಗಳಲ್ಲಿ ಎರಡು ಮೂರು ತಲೆಮಾರು ನಡೆಯಿತು. ರಸ್ತೆ, ಬಸ್ಸು ಬಂದ ಮೇಲೆ ಕೆಳಗಿನ ಅಂಗಡಿಯ ಬ್ರೆಡ್ ಮೇಲೆ ಬಂತು. ವರ್ಷಕ್ಕೆ ಕೆಲವೇ ಸಲ ಊರ ಒಲೆ ಹಚ್ಚಿ ತಿಂಗಳುಗಟ್ಟಲೆಗೆ ಆಗುವಷ್ಟು ರೈ ಬ್ರೆಡ್ ಸುಟ್ಟು ಒಣಗಿಸಿಡುವ ಪದ್ಧತಿ ನಿಂತಿತು. ಹೊಲಗಳು ಹುಲ್ಲಾದವು. ಇಲಿ ಹತ್ತದಂತೆ ಕಂಬಗಳ ಮೇಲೆ ದುಂಡಗಿನ ಚಪ್ಪಡಿ ಇಟ್ಟು ಕಟ್ಟಿದ ಕಣಜಗಳಿಗೆ ಈಗ ಕಾಯಲು ಧಾನ್ಯವಿಲ್ಲ. ಅದೇ ಲೋನ್ಜಾ ಕಾರ್ಖಾನೆಯಲ್ಲಿ ಕೊರೋನಾ ಕಾಲದಲ್ಲಿ ಮಾಡರ್ನಾ ಲಸಿಕೆಯ ಮೂಲವಸ್ತು ತಯಾರಾಯಿತು.

ಊರೊಟ್ಟಿನ ಹಕ್ಕು ಮಾತ್ರ ಹೋಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇವತ್ತಿಗೂ ಅನೇಕ ಕಡೆ ಎರಡು ಬಗೆಯ ಪಂಚಾಯಿತಿ ಇವೆ. ಒಂದು ಅಲ್ಲಿ ವಾಸವಿರುವ ಎಲ್ಲರದು: ಶಾಲೆ, ರಸ್ತೆ, ತೆರಿಗೆ. ಇನ್ನೊಂದು ಮೂಲ ಮನೆತನದವರದು: ಕಾಡು, ಆಲ್ಪ್, ಹಳೆಯ ಆಸ್ತಿ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮನೆತನದ ಮೂಲದ ಊರು ಬರೆಯುತ್ತಾರೆ. ಜ್ಯೂರಿಕ್‌ನಲ್ಲಿ ಹುಟ್ಟಿ ಬೆಳೆದವನ ಪಾಸ್‌ಪೋರ್ಟಿನಲ್ಲೂ ಇಂಥದೊಂದು ಬೆಟ್ಟದ ಹಳ್ಳಿಯ ಹೆಸರು ಇರಬಹುದು.

ಆಲ್ಪ್ ಮೇಲಿನ ಚಿಂತೆ ಈಗ ತಿರುವುಮುರುವಾಗಿದೆ. ಹಸು ಜಾಸ್ತಿಯಾಗುವ ಭಯ ಯಾರಿಗೂ ಇಲ್ಲ. ಕೊಯ್ಯುವವರಿಲ್ಲದ ಕಡಿದಾದ ಗದ್ದೆಗೆ, ಮೇಯುವ ಬಾಯಿ ಕಡಿಮೆಯಾದ ಹುಲ್ಲುಗಾವಲಿಗೆ ಪೊದೆ ನುಗ್ಗುತ್ತದೆ, ಅದರ ಹಿಂದೆ ಕಾಡು ಬರುತ್ತದೆ. ವಾಲೆಯ ಬೆಟ್ಟಗಳಲ್ಲೆಲ್ಲ ಇದೇ ಪಾಡು. 1996ರ ಜೂನ್ 9ರಂದು ಸ್ವಿಸ್ ಜನ ಮತ ಹಾಕಿ ಸಂವಿಧಾನಕ್ಕೆ ಕೃಷಿಯ ಬಗ್ಗೆ ಹೊಸ ವಿಧಿ ಸೇರಿಸಿದರು. ರೈತ ಬೆಳೆದ ಬೆಳೆಗೆ ಮಾತ್ರವಲ್ಲ, ಬೆಟ್ಟವನ್ನು ಬೆಟ್ಟದ ಹಾಗೆ ಕಾಪಾಡಿದ್ದಕ್ಕೂ ಸರ್ಕಾರ ದುಡ್ಡು ಕೊಡುತ್ತದೆ. ಬೇಸಿಗೆಗೆ ದನ ಆಲ್ಪ್‌ಗೆ ಕಳಿಸಿದರೆ ಅದಕ್ಕೂ ಪ್ರತ್ಯೇಕ ಹಣ. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸ್ವಿಸ್ ಆಲ್ಪ್‌ನಲ್ಲಿ ಬೇಸಿಗೆ ಕಳೆಯುವ ಪದ್ಧತಿಯೂ ಸೇರಿತು, ಹಲವು ದೇಶಗಳ ಜೊತೆ ಸಾಂಪ್ರದಾಯಿಕ ಕಾಲುವೆ ನೀರಾವರಿಯೂ ಸೇರಿತು. ಹಸು ಜಾಸ್ತಿ ಕಳಿಸಿದವನಿಗೆ ದಂಡ ಹಾಕುತ್ತಿದ್ದ ಬೆಟ್ಟದಲ್ಲಿ ಈಗ ಕಳಿಸಿದವನಿಗೆ ದುಡ್ಡು. ಪೊದೆ ಕಡಿಯಲು, ಕಾಲುವೆ ಸ್ವಚ್ಛ ಮಾಡಲು ಕೈ ಸಾಲದೆ ಸ್ವಿಸ್ ಬೆಟ್ಟಗಳ ಅನೇಕ ಹಳ್ಳಿಗಳು ಪೇಟೆಯಿಂದ ಸ್ವಯಂಸೇವಕರನ್ನು ಕರೆಸಿಕೊಳ್ಳುತ್ತವೆ. ಅವರು ಬರುತ್ತಾರೆ, ಒಂದು ವಾರ ದುಡಿಯುತ್ತಾರೆ, ಚೀಸ್ ತಿಂದು ವಾಪಸ್ ಹೋಗುತ್ತಾರೆ. ಆಲ್ಪ್‌ನಲ್ಲಿ ಪಾಲು ಮಾತ್ರ ಅವರಿಗೂ ಇಲ್ಲ.